ಒಣ ಥರ್ಮಲ್ ಲೆಕ್ಕ: ಸೊನ್ನೆ ಡಿಗ್ರಿಯ ಕೆಳಗೆ ರಾತ್ರಿಯಿಡೀ ಕುಣಿಯುವ ಬಗೆ

ಕೊರೆಯುವ ಚಳಿಯಲ್ಲಿ, ಬಯಲಲ್ಲಿ ನಡೆಯುವ ಸಂಗೀತೋತ್ಸವದಲ್ಲಿ ಆರೇಳು ಗಂಟೆ ಕುಣಿಯುವುದಕ್ಕೆ ದಪ್ಪ ಜಾಕೆಟ್ ಬೇಡ, ಜಿಪ್‌ಲಾಕ್ ಚೀಲದಲ್ಲಿ ಬದಲಿಸಲು ಒಂದು ಒಣ ಥರ್ಮಲ್ (ಮೈಗಂಟುವ ಬೆಚ್ಚನೆಯ ಒಳ ಅಂಗಿ) ಸಾಕು ಅಂದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಿರಲಿಲ್ಲ. ಈಗ ಎಲ್ಲರ ಬ್ಯಾಗಿನಲ್ಲೂ ಅದೇ ಇದೆ. ಕಳೆದ ಸೀಸನ್ನಿನಲ್ಲಿ ಕೊನೆಯ ಸೆಟ್ (ಕೊನೆಯ ಕಲಾವಿದರ ಸರದಿ) ಮುಗಿಯುವ ಮೊದಲು ನಮ್ಮವರು ಒಬ್ಬರೂ ಹೊರಟಿಲ್ಲ. ಪದರ ಪದರವಾಗಿ ಬಟ್ಟೆ ಹಾಕುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ಕೈಕೊಡುವುದು ಬೆವರಿನಲ್ಲಿ. ಕುಣಿಯುವಾಗ ಯಾರಿಗೂ ಚಳಿಯಾಗುವುದಿಲ್ಲ. ಕುಣಿದು ನಿಂತ ಮೇಲೆ ಹತ್ತು ಹದಿನೈದು ನಿಮಿಷದಲ್ಲಿ ಬೆನ್ನು ತಣ್ಣಗಾಗುತ್ತದಲ್ಲ, ರಾತ್ರಿ ಕೆಡುವುದು ಅಲ್ಲಿಂದ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಎಳೆಯುತ್ತದೆ. ಹತ್ತಿ ಬನಿಯನ್ ಹಾಕಿಕೊಂಡರಂತೂ ಮುಗಿಯಿತು, ಒದ್ದೆಯಾದದ್ದು ಬೆಳಗಿನವರೆಗೂ ಒಣಗುವುದಿಲ್ಲ. ನನ್ನ ದುಡ್ಡು ಹೆಚ್ಚು ದಂಡವಾದದ್ದು ಡೌನ್ ಜಾಕೆಟ್ಟಿಗೆ, ಅಂದರೆ ಹಕ್ಕಿಯ ಪುಕ್ಕ ತುಂಬಿದ ಜಾಕೆಟ್ಟಿಗೆ. ಒಳಗಿನಿಂದ ಬೆವರು ಹೀರಿ ಪುಕ್ಕವೆಲ್ಲ ಗಂಟು ಕಟ್ಟಿತು, ಎರಡನೇ ಗಂಟೆಗೇ ಅದು ಬರೀ ತೆಳು ಬಟ್ಟೆ. ಅದೇ ದುಡ್ಡಿಗೆ ಮೂರು ನಾಲ್ಕು ಒಳ್ಳೆಯ ಥರ್ಮಲ್ ಬರುತ್ತಿತ್ತು. ಡೌನ್ ಬೇಕೇ ಬೇಕು ಅನ್ನುವವರು ಮಡಚಿ ಮುಷ್ಟಿಯಷ್ಟಾಗುವ ತೆಳು ಜಾಕೆಟ್ ಇಟ್ಟುಕೊಳ್ಳಿ. ಅದು ಕ್ಯೂಗೆ ಮತ್ತು ವಾಪಸ್ ಹೋಗುವಾಗ ಮಾತ್ರ, ಕುಣಿಯುವಾಗ ಅಲ್ಲ.

ನಾನು ಹಾಕುವುದು ಮೂರೇ: ತೆಳು ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೆ ತೆಳು ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಸ್ವೆಟರ್), ಹೊರಗೆ ಕಂಕುಳಲ್ಲಿ ಜಿಪ್ ಇರುವ ವಿಂಡ್‌ಚೀಟರ್. ಕುಣಿಯಲು ಶುರುಮಾಡುವ ಐದು ನಿಮಿಷ ಮೊದಲೇ ಫ್ಲೀಸ್ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ, ಕಂಕುಳ ಜಿಪ್ ತೆರೆಯುತ್ತೇನೆ. ಆ ಹೊತ್ತಿಗೆ ಸ್ವಲ್ಪ ನಡುಗಬೇಕು. ಬೆಚ್ಚಗಿದ್ದೇ ಕುಣಿತಕ್ಕಿಳಿದರೆ ಎರಡನೇ ಟ್ರ್ಯಾಕಿಗೇ ಬೆವರು ಕಿತ್ತುಕೊಳ್ಳುತ್ತದೆ.

ರಾತ್ರಿಯ ನಡುವೆ ಒಮ್ಮೆ ಥರ್ಮಲ್ ಬದಲಿಸುತ್ತೇನೆ. ಇಲ್ಲಿ ಬಹಳ ಜನ ಎಡವುತ್ತಾರೆ. ಕುಣಿತ ನಿಲ್ಲಿಸಿದ ತಕ್ಷಣ ಬದಲಿಸಿದರೆ ಒಣದೂ ಹತ್ತೇ ನಿಮಿಷದಲ್ಲಿ ಒದ್ದೆ, ಏಕೆಂದರೆ ಬೆವರು ಇನ್ನೂ ನಿಂತಿರುವುದಿಲ್ಲ. ಜಿಪ್ ತೆರೆದುಕೊಂಡು ಐದಾರು ನಿಮಿಷ ನಡೆದಾಡಿ, ಹಣೆ ಒಣಗಲಿ. ಆಮೇಲೆ ಗಾಳಿ ಬೀಸದ ಮರೆಗೆ ಹೋಗಿ. ಟೋಪಿ ತೆಗೆಯಬೇಡಿ. ಒದ್ದೆಯದನ್ನು ಕಿತ್ತು, ಅಂಗೈ ಅಗಲದ ಟವೆಲ್ಲಿನಿಂದ ಮೊದಲು ಬೆನ್ನು, ಆಮೇಲೆ ಎದೆ ಒರೆಸಿ, ಒಣದು ಹಾಕಿ, ಮೇಲೆ ಫ್ಲೀಸ್. ಅಭ್ಯಾಸವಾದರೆ ಒಂದೂವರೆ ನಿಮಿಷದ ಕೆಲಸ. ಎರಡನೆಯ ಥರ್ಮಲ್ ಉಣ್ಣೆಯದೇ ಇರಲಿ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಅಗ್ಗ, ಬೆವರುವ ಹೊತ್ತಿಗೆ ಅದೇ ಸರಿ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿಡುತ್ತದೆ, ಬೆಳಗಿನ ಜಾವಕ್ಕೆ ಬೇಕಾದದ್ದು ಅದು. ಆ ಒಣ ಥರ್ಮಲ್ಲನ್ನು ಮೈಮೇಲೆ ಎಲ್ಲಿ ಇಟ್ಟರೆ ಹಾಕುವಾಗ ಬಿಸಿಯಾಗಿರುತ್ತದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಂದೇ ತುಂಡಿನ ಸ್ಕೀ ಸೂಟ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 2007ರಿಂದ ನಡೆಯುತ್ತಿರುವ ಚಳಿಗಾಲದ ಬಯಲು ಸಂಗೀತೋತ್ಸವ ಇಗ್ಲೂಫೆಸ್ಟ್‌ನಲ್ಲಿ ಬಣ್ಣಬಣ್ಣದ ಆ ಸೂಟ್ ಹಾಕುವುದೇ ಒಂದು ಸಂಭ್ರಮ. ನೋಡಲು ಚೆಂದ ನಿಜ. ಆದರೆ ನಡುವೆ ಒಂದು ಪದರ ತೆಗೆಯಲಾಗುವುದಿಲ್ಲ, ಟಾಯ್ಲೆಟ್ಟಿಗೆ ಹೋದರೆ ಅರ್ಧ ಮೈ ಬರಿದಾಗುತ್ತದೆ. ಹಾಕುವುದಾದರೆ ಕಂಕುಳಲ್ಲಿ, ತೊಡೆಯಲ್ಲಿ ಜಿಪ್ ಇರುವುದನ್ನೇ ಹುಡುಕಿ.

ಕಾಲಿನ ವಿಷಯಕ್ಕೆ ಬಂದರೆ, ಚಳಿ ಹತ್ತುವುದು ನೆಲದಿಂದ. ಎರಡು ಜೊತೆ ದಪ್ಪ ಸಾಕ್ಸ್ ಹಾಕಿ ಶೂ ಬಿಗಿ ಮಾಡಿದರೆ ರಕ್ತ ಓಡುವುದಿಲ್ಲ, ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಒಂದೇ ಉಣ್ಣೆ ಸಾಕ್ಸ್, ಅರ್ಧ ಸೈಜ್ ದೊಡ್ಡ ಶೂ, ಅಟ್ಟೆಯ ಮೇಲೆ ಐದಾರು ಮಿಲಿಮೀಟರ್ ದಪ್ಪದ ಫೋಮ್. ಫೋಮ್ ಯೋಗಾ ಮ್ಯಾಟಿನದಾದರೂ ನಡೆಯುತ್ತದೆ, ಎರಡು ರಾತ್ರಿಗೆ ಚಪ್ಪಟೆಯಾಗುತ್ತದೆ ಅಷ್ಟೇ. ಕ್ಯೂನಲ್ಲಿ ಒಂದು ತುಂಡು ರಟ್ಟಿನ ಮೇಲೆ ನಿಂತು ನೋಡಿ, ಬಿಟ್ಟಿ ಸಿಗುವ ವಸ್ತುಗಳಲ್ಲಿ ಅದರಷ್ಟು ಉಪಕಾರ ಮಾಡುವುದು ಬೇರೆ ಇಲ್ಲ. ತೆಳು ಸಾಕ್ಸ್, ಅದರ ಮೇಲೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಉಣ್ಣೆ ಸಾಕ್ಸ್ ಹಾಕುವ ಪ್ರಯೋಗವನ್ನೂ ಮಾಡಿದೆ. ಉಣ್ಣೆ ಒಣಗೇ ಇರುತ್ತದೆ, ಆದರೆ ಕವರ್ ಕುಣಿತಕ್ಕೆ ಜಾರುತ್ತದೆ. ನಿಂತು ಕೇಳುವವರಿಗೆ ಸರಿ, ಕುಣಿಯುವವರಿಗೆ ಬೇಡ.

ಹ್ಯಾಂಡ್ ವಾರ್ಮರ್ (ಕೈ ಬೆಚ್ಚಗಿಡುವ ಪುಟ್ಟ ಪೊಟ್ಟಣ) ಒಳಗಿರುವುದು ಕಬ್ಬಿಣದ ಪುಡಿ, ಗಾಳಿ ತಾಗಿದಾಗ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ. ಶೂ ಒಳಗೆ ತುರುಕಿದರೆ ಗಾಳಿಯಿಲ್ಲದೆ ಆರಿಹೋಗುತ್ತದೆ. ಕಾಲಿಗೆ ಕಾಲಿನದೇ ವಾರ್ಮರ್ ಬೇಕು. ಬಳಸುವ ಕಾಲು ಗಂಟೆ ಮೊದಲೇ ಪೊಟ್ಟಣ ಒಡೆಯಿರಿ. ಅರ್ಧ ಬಳಸಿದ್ದನ್ನು ಎಸೆಯಬೇಡಿ. ಜಿಪ್‌ಲಾಕ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ಮುಚ್ಚಿದರೆ ತುಕ್ಕು ನಿಲ್ಲುತ್ತದೆ, ಮಾರನೇ ರಾತ್ರಿಗೂ ಬರುತ್ತದೆ. ಇದರಿಂದ ನನ್ನ ಖರ್ಚು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಬರಿ ಚರ್ಮಕ್ಕೆ ಮಾತ್ರ ತಾಗಿಸಬಾರದು, ಮರಗಟ್ಟಿದ ಬೆರಳಿಗೆ ಸುಡುವುದು ಗೊತ್ತಾಗುವುದಿಲ್ಲ. ಕ್ಲಿಕ್ ಮಾಡಿದರೆ ಬಿಸಿಯಾಗುವ ಜೆಲ್ ಪೊಟ್ಟಣ 50 ಡಿಗ್ರಿ ದಾಟಿದರೂ ಒಂದು ಗಂಟೆ ಬಾಳಿದರೆ ಹೆಚ್ಚು. ಬ್ಯಾಟರಿಯಿಂದ ಬಿಸಿಯಾಗುವ ತೋಳಿಲ್ಲದ ಜಾಕೆಟ್ ಇದ್ದುದರಲ್ಲಿ ದುಬಾರಿ ತಪ್ಪು: ಕುಣಿಯುವಾಗ ಬೇಡವೇ ಬೇಡ, ಬೇಕಾದ ಹೊತ್ತಿಗೆ ಚಾರ್ಜ್ ಇಲ್ಲ.

ಫೋಮ್ ಇಯರ್‌ಪ್ಲಗ್ ಚಳಿಗೆ ಗಟ್ಟಿಯಾಗಿ ಕಿವಿಯೊಳಗೆ ಅರಳುವುದಿಲ್ಲ. ಎರಡು ನಿಮಿಷ ಮುಷ್ಟಿಯಲ್ಲಿ ಬೆಚ್ಚಗೆ ಮಾಡಿ ಹೊಸೆಯಿರಿ. 100 ಡೆಸಿಬೆಲ್‌ನಲ್ಲಿ ಬರಿಗಿವಿಗೆ ಸುರಕ್ಷಿತ ಹೊತ್ತು ಕಾಲು ಗಂಟೆ ಮಾತ್ರ. ಟೋಪಿ ಕಿವಿ ಮುಚ್ಚಿದೆ ಎಂದು ಪ್ಲಗ್ ಬಿಡುವವರಿದ್ದಾರೆ, ಉಣ್ಣೆ ಶಬ್ದವನ್ನು ತಡೆಯುವುದಿಲ್ಲ. ಫೋನು, ಪವರ್ ಬ್ಯಾಂಕ್ ಎರಡೂ ಫ್ಲೀಸಿನ ಒಳಜೇಬಿನಲ್ಲಿರಲಿ. ತಣ್ಣಗೆ ಕೊರೆಯುತ್ತಿರುವ ಫೋನನ್ನು ಚಾರ್ಜಿಗೆ ಹಾಕಿದರೆ ಬ್ಯಾಟರಿಯೇ ಹಾಳು. ನೀರಿನ ಬಾಟಲಿ ತಲೆಕೆಳಗಾಗಿಡಿ, ಹಿಮ ಕಟ್ಟುವುದು ಮೇಲ್ಭಾಗದಲ್ಲಿ, ಮುಚ್ಚಳದ ಕಡೆ ನೀರು ಉಳಿಯುತ್ತದೆ.

ಮದ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಕುಡಿದಾಗ ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಬೇರೆ ಅಮಲೂ ಚಳಿಯ ಅರಿವನ್ನೇ ಮರೆಸುತ್ತದೆ. ಅದಕ್ಕಿಂತ ಅಪಾಯ ಇನ್ನೊಂದಿದೆ: ಮೈಶಾಖ 35 ಡಿಗ್ರಿಗಿಂತ ಇಳಿದವರು ತೊದಲುತ್ತಾರೆ, ತೂರಾಡುತ್ತಾರೆ, ಜಿಪ್ ಹಾಕಲು ಒದ್ದಾಡುತ್ತಾರೆ. ಎಲ್ಲವೂ ಕುಡಿದವರಂತೆಯೇ. 'ಜಾಸ್ತಿ ಕುಡಿದಿದ್ದಾನೆ, ಮಲಗಲಿ' ಅಂತ ಬಿಟ್ಟುಬಿಡಬೇಡಿ. ನಾವು ಗುಂಪಿನಲ್ಲಿ ಇಬ್ಬಿಬ್ಬರ ಜೋಡಿ ಮಾಡಿ, ಗಂಟೆಗೊಮ್ಮೆ ಒಬ್ಬರ ಮೂಗು, ಕೆನ್ನೆ, ಕಿವಿತುದಿ ಇನ್ನೊಬ್ಬರು ನೋಡುತ್ತೇವೆ, ಗ್ಲೌಸ್ ತೆಗೆದು ಹೆಬ್ಬೆರಳಿನಿಂದ ಕಿರುಬೆರಳು ಮುಟ್ಟಲು ಹೇಳುತ್ತೇವೆ. ಮುಟ್ಟಲಾಗದಿದ್ದರೆ ಬೆಚ್ಚನೆಯ ಟೆಂಟಿಗೆ. ಚರ್ಮ ಮೇಣದಂತೆ ಬಿಳುಚಿದ್ದರೆ ಉಜ್ಜಬಾರದು, ಹಿಮ ಹಚ್ಚಬಾರದು, ಬೆಚ್ಚನೆಯ ಅಂಗೈ ಇಟ್ಟರೆ ಸಾಕು. ಸ್ಪರ್ಶ ಮರಳದಿದ್ದರೆ, ಅಥವಾ ನಡುಗುತ್ತಿದ್ದವರ ನಡುಕ ತಾನಾಗಿ ನಿಂತು ಮಂಕಾದರೆ, ಮೆಡಿಕಲ್ ತಂಡವನ್ನು ಕರೆಯುವುದೊಂದೇ ದಾರಿ.

ಥರ್ಮಾಮೀಟರ್ −10 ತೋರಿಸಿದರೂ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮುಖಕ್ಕೆ ಅದು −20 ಇದ್ದಂತೆ. ಹಾಗಾಗಿ ಸ್ಪೀಕರ್ ಎದುರಿನ ಜಾಗಕ್ಕಿಂತ ಗಾಳಿ ಯಾವ ಕಡೆಯಿಂದ ಅನ್ನುವುದನ್ನು ಮೊದಲು ನೋಡುತ್ತೇನೆ. ಮೈ ಕಾಯಿಸಿಕೊಳ್ಳುವಾಗ ವಿಂಡ್‌ಚೀಟರನ್ನು ಬೆಂಕಿಯ ಹತ್ತಿರ ಒಯ್ಯಬೇಡಿ, ಒಂದು ಕಿಡಿಗೆ ತೂತು.

ಕೋಟನ್ನು ಕ್ಲೋಕ್‌ರೂಮಿಗೆ ಕೊಡುವುದಾದರೆ ಕೊನೆಯ ಸೆಟ್ಟಿಗೆ ಅರ್ಧ ಗಂಟೆ ಮೊದಲೇ ಬಿಡಿಸಿಕೊಳ್ಳಿ. ಮುಗಿದ ಮೇಲೆ ಬೆವರಿದ ಮೈಯಲ್ಲಿ ಆ ಕ್ಯೂನಲ್ಲಿ ನಿಂತರೆ ಇಡೀ ರಾತ್ರಿ ಉಳಿಸಿಕೊಂಡ ಬಿಸಿಯೆಲ್ಲ ಹೋಗುತ್ತದೆ. ಕಾರಿನಲ್ಲಿ ಮಲಗುವವರು ಎಂಜಿನ್ ಆಫ್ ಮಾಡಿ ಸ್ಲೀಪಿಂಗ್ ಬ್ಯಾಗ್ ಹೊದೆಯಿರಿ. ಹಿಮ ಸೈಲೆನ್ಸರ್ ಪೈಪನ್ನು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ, ಅದಕ್ಕೆ ವಾಸನೆಯಿಲ್ಲ. ಟೆಂಟಿನೊಳಗೆ ಗ್ಯಾಸ್ ಸ್ಟೌ, ಹೀಟರ್ ಹಚ್ಚಬಾರದು ಅನ್ನುವುದೂ ಇದಕ್ಕೇ. ಒದ್ದೆ ಥರ್ಮಲ್ಲನ್ನು ಆ ಜಿಪ್‌ಲಾಕ್ ಚೀಲದಲ್ಲೇ ಮರೆತುಬಿಡಬೇಡಿ, ಮಾರನೇ ರಾತ್ರಿಗೆ ಅದು ಒಣಗಿರಬೇಕು.