ಕಲೆ ಇರಲಿ, ಕಿಲುಬು ಬೇಡ

ಮನೆಗೆ ವಯಸ್ಸಾಗುವುದು ಬೇರೆ, ಮನೆ ಹಾಳಾಗುವುದು ಬೇರೆ. ಹಳೆಯ ಹಿತ್ತಾಳೆ ದೀಪಕ್ಕೆ ಬಂದ ಕಂದು ಬಣ್ಣ ವಯಸ್ಸಿನದು. ಅದರ ಸಂದಿಯಲ್ಲಿ ಹಸಿರಾಗಿ ಕೂತ ಕಿಲುಬು ಲೋಹವನ್ನೇ ತಿನ್ನುವಂಥದ್ದು. ಮೊದಲನೆಯದನ್ನು ಮುಟ್ಟಬೇಡಿ, ಎರಡನೆಯದನ್ನು ಇಟ್ಟುಕೊಳ್ಳಬೇಡಿ. ಸರಳವಾದ, ಸಹಜವಾದ ಮನೆ ಬೇಕು ಅನ್ನುವವರು ಈ ಎರಡನ್ನು ಬೇರ್ಪಡಿಸಲು ಕಲಿತರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಗೋಡೆಯಿಂದ ಶುರು ಮಾಡೋಣ. ಎಮಲ್ಷನ್ ಪೇಂಟ್ ಹೊಡೆದ ಗೋಡೆ ಮೂಲೆಯಿಂದ ಮೂಲೆಗೆ ಒಂದೇ ಸಮ. ಸುಣ್ಣ ಬಳಿದ ಗೋಡೆಯಲ್ಲಿ ಕುಂಚ ಓಡಿದ ಗುರುತು, ಅಲ್ಲಲ್ಲಿ ತಿಳಿ, ಅಲ್ಲಲ್ಲಿ ಗಾಢ ಛಾಯೆ ಉಳಿಯುತ್ತದೆ. ಅದೇ ಅದರ ಚೆಂದ. ಆದರೆ ಸುಣ್ಣ ಎಲ್ಲ ಗೋಡೆಗೂ ಒಪ್ಪುವುದಿಲ್ಲ. ಮೊದಲು ಗೋಡೆಗೆ ಒಂದು ಬೊಗಸೆ ನೀರು ಎರಚಿ ನೋಡಿ. ಗೋಡೆ ಹೀರಿಕೊಂಡರೆ ಸರಿ. ಹನಿಹನಿಯಾಗಿ ಜಾರಿದರೆ ಹಳೆಯ ಪೇಂಟ್ ಇದೆ ಎಂದರ್ಥ. ಅದನ್ನು ಗಾರೆಯವರೆಗೂ ಕೆರೆದು ತೆಗೆಯದೆ ಸುಣ್ಣ ಹೊಡೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

5 ಕೆಜಿ ಸುಟ್ಟ ಸುಣ್ಣದ ಕಲ್ಲಿಗೆ 25 ಲೀಟರ್ ನೀರು ಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿ, ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಿ. ಸುಣ್ಣ ಅರಳುವಾಗ ನೀರು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿಬಿಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಕಣ್ಣಿಗೆ ಸಿಡಿದರೆ ತಡಮಾಡದೆ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟು ದಪ್ಪ ಬಟ್ಟೆಯಲ್ಲಿ ಸೋಸಿ. 100 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿ. ಇದು ತಪ್ಪಿದರೆ ಗೋಡೆಗೆ ಒರಗಿದವರ ಬೆನ್ನೆಲ್ಲ ಬಿಳಿ. ಹಳದಿ ಛಾಯೆ ಕಾಣಬಾರದು ಅನ್ನುವವರು ಚಿಟಿಕೆ ನೀಲಿ ಸೇರಿಸಬಹುದು. ಅಂಗಡಿಯಲ್ಲಿ ಗಾಳಿಗೆ ಬಿದ್ದು ತಾನಾಗಿ ಪುಡಿಯಾದ ಸುಣ್ಣ ಮಾತ್ರ ಬೇಡ. ಅದರ ಕಸುವು ಆಗಲೇ ಹೋಗಿರುತ್ತದೆ, ಗೋಡೆ ಹಿಡಿಯುವುದಿಲ್ಲ.

ಬಳಿಯುವ ಮೊದಲು ಗೋಡೆಯನ್ನು ಒದ್ದೆ ಮಾಡಿ. ಸುಣ್ಣ ಹಾಲಿನಷ್ಟು ತೆಳ್ಳಗಿರಬೇಕು. ಬಳಿದಾಗ ಏನೂ ಕಾಣದು, ಗೋಡೆ ಬೋಳಾಗಿಯೇ ಇದೆ ಅನ್ನಿಸುತ್ತದೆ. ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇಲ್ಲೇ ಎಲ್ಲರೂ ಎಡವುವುದು. ಬಣ್ಣ ಬರಲಿಲ್ಲವೆಂದು ದಪ್ಪವಾಗಿ ಮೆತ್ತುತ್ತಾರೆ, ತಿಂಗಳೊಳಗೆ ಚಕ್ಕೆ ಏಳುತ್ತದೆ. ತೆಳ್ಳಗೆ ಮೂರು ಕೈ ಹೊಡೆಯಿರಿ. ಒಂದು ಕೈ ಮೇಲೆ ಕೆಳಗೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದಕ್ಕೆ ಸ್ವಲ್ಪ ತೇವವೂ ಬೇಕು. ಬಿರುಬಿಸಿಲಿನಲ್ಲಿ ಬಳಿದರೆ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ಬಿಸಿಲು ಬೀಳುವ ಗೋಡೆಯನ್ನು ಸಂಜೆಗೆ ಇಟ್ಟುಕೊಳ್ಳಿ.

ಬಣ್ಣ ಬೇಕೆಂದರೆ ಕಾವಿ, ಕೆಮ್ಮಣ್ಣು, ಹಳದಿ ಮಣ್ಣಿನಂಥವೇ ಸರಿ. ಅರಿಶಿನ ಹಾಕುವ ಯೋಚನೆ ಬಿಡಿ. ಸುಣ್ಣ ಸೇರಿದರೆ ಅದು ಓಕುಳಿಯ ಕೆಂಪಾಗುತ್ತದೆ, ಆಮೇಲೆ ಬೆಳಕಿಗೆ ಅದೂ ನಿಲ್ಲುವುದಿಲ್ಲ. ಇಂಥ ಗೋಡೆಯ ಮೇಲೆ ಏನಾದರೂ ಬರೆಸಬೇಕಾದರೆ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಗೆರೆ ಒಂದೆಡೆ ದಪ್ಪ, ಒಂದೆಡೆ ಸಣ್ಣ. ಅದನ್ನು ಸ್ಟಿಕ್ಕರ್ ಮಾಡಿ ಅಂಟಿಸಿದರೆ ಆ ಗೆರೆಯ ಜೀವವೇ ಹೋಯಿತು.

ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೊಮ್ಮಿ ಗಾರೆ ಉದುರುತ್ತಿದ್ದರೆ ಅದನ್ನು ಮಾತ್ರ ಹಳೆಮನೆಯ ಸೊಬಗು ಅಂದುಕೊಳ್ಳಬೇಡಿ. ಅಡಿಯಿಂದ ತೇವ ಏರುತ್ತಿದೆ. ಹೊರಗೆ ಗೋಡೆಗೆ ಒತ್ತಿಕೊಂಡು ಹೂವಿನ ಪಾತಿಯ ಮಣ್ಣು ಏರಿದೆಯೇ, ಮಳೆನೀರಿನ ಪೈಪ್ ಅಲ್ಲೇ ಸುರಿಯುತ್ತಿದೆಯೇ, ಬಚ್ಚಲ ನೀರು ಒಸರುತ್ತಿದೆಯೇ ನೋಡಿ. ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿದು ಮುಚ್ಚಿದರೆ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಹತ್ತುತ್ತದೆ.

ರೆಡ್ ಆಕ್ಸೈಡ್ ನೆಲದ ಕೂದಲೆಳೆಯ ಬಿರುಕಿಗೆ ಹೆದರಬೇಕಾಗಿಲ್ಲ. ಬೆರಳುಗುರು ಎಳೆದು ನೋಡಿ: ಉಗುರು ಜಾರಿಹೋದರೆ ಹಾಗೇ ಬಿಡಿ, ಸಿಕ್ಕಿಕೊಂಡರೆ ತುಂಬಿಸಿ. ದೂಳು ತೆಗೆದು, ಬಿರುಕನ್ನು ಒದ್ದೆ ಮಾಡಿ, ಸಿಮೆಂಟಿಗೆ ಆಕ್ಸೈಡ್ ಬೆರೆಸಿದ ಗಟ್ಟಿ ಗಂಜಿಯನ್ನು ಒತ್ತಿ ತುಂಬಬೇಕು. ಕೆಂಪು ಚೆನ್ನಾಗಿ ಬರಲೆಂದು ಆಕ್ಸೈಡ್ ಸುರಿಯಬೇಡಿ. ಸಿಮೆಂಟಿನ ತೂಕದ ಹತ್ತನೇ ಒಂದು ಪಾಲು ದಾಟಿದರೆ ಬಲ ಕುಗ್ಗುತ್ತದೆ. ಮೇಲೆ ಒದ್ದೆ ಗೋಣಿ ಹಾಸಿ 7 ದಿನ ಒಣಗಗೊಡಬೇಡಿ. ತೇಪೆಯ ಬಣ್ಣ ಹಳೆಯ ನೆಲಕ್ಕೆ ಪೂರ್ತಿ ಹೊಂದುವುದೇ ಇಲ್ಲ, ಹೊಂದಿಸಲು ಹೋಗಿ ಇಡೀ ನೆಲ ಕೀಳಿಸುವುದು ದಡ್ಡತನ. ಹೊಳಪಿಗೆ ಒಣ ಬಟ್ಟೆಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಸಾಕು, ಒರೆಸಿದ ಮೇಲೆ ಇನ್ನೊಂದು ಒಣ ಬಟ್ಟೆಯಲ್ಲಿ ತಿಕ್ಕಿ. ವಯಸ್ಸಾದವರು ಓಡಾಡುವ ಕಡೆ ಅದೂ ಬೇಡ, ಜಾರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಈ ನೆಲಕ್ಕೂ ತಾಗಿಸಬೇಡಿ, ಶಹಾಬಾದ್ ಕಲ್ಲಿಗೂ ತಾಗಿಸಬೇಡಿ. ಶಹಾಬಾದ್ ಸುಣ್ಣದಕಲ್ಲಿನ ಜಾತಿಯದು. ನಿಂಬೆರಸ ಬಿದ್ದರೂ ಮಂಕಾದ ಕಲೆ ಆಗುತ್ತದೆ.

ಹಿತ್ತಾಳೆಯ ಕಿಲುಬಿಗೆ ಹುಣಸೆಹಣ್ಣು, ಉಪ್ಪು ಸಾಕು. ತೊಳೆದ ಕೂಡಲೇ ಒರೆಸದಿದ್ದರೆ ಉಳಿದ ಹುಳಿಯೇ ಮತ್ತೆ ಕಿಲುಬು ತರುತ್ತದೆ. ಹಳೆಯ ಬಾಗಿಲಿನ ತೂತುಗಳ ಕೆಳಗೆ ಹೊಸ ಪುಡಿ ಬೀಳುತ್ತಿದ್ದರೆ ಹುಳ ಒಳಗಿದೆ, ಔಷಧಿ ಹೊಡೆಸಿ; ಪುಡಿಯಿಲ್ಲದ ತೂತು ಇದ್ದರೆ ಇರಲಿ. ವಾರ್ನಿಷ್ ಬದಲು ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಅರ್ಧ ಗಂಟೆಯೊಳಗೆ ಹೆಚ್ಚಾದದ್ದನ್ನು ಒರೆಸಿಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸಿ.

ಇಷ್ಟೆಲ್ಲ ಮಾಡಿ 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಹಾಕಿದರೆ ಸುಣ್ಣದ ಗೋಡೆ ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತದೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. ಡಬ್ಬಿಯ ಮೇಲೆ 2700 ಅಥವಾ 3000 ಎಂದಿರುವುದನ್ನು ತನ್ನಿ.

ಇನ್ನು ಕೌದಿ, ಹಳೆಯ ಬಟ್ಟೆಗಳನ್ನು ಜೋಡಿಸಿ ಹೊಲಿದ ಹೊದಿಕೆ. ಹರಿದ ಕಡೆ ಹೊಸ ಗಟ್ಟಿ ಬಟ್ಟೆಯ ತೇಪೆ ಹಾಕಬಾರದು. ತೊಳೆದಾಗ ಹೊಸದು ಕುಗ್ಗಿ, ಸುತ್ತಲಿನ ಸವೆದ ಬಟ್ಟೆಯನ್ನು ಎಳೆದು ಹರಿಯುತ್ತದೆ. ಅಷ್ಟೇ ಸವೆದ ಹತ್ತಿ ಸೀರೆಯ ತುಂಡನ್ನೇ ಹುಡುಕಿ, ಹರಿದ ಜಾಗಕ್ಕಿಂತ ನಾಲ್ಕೂ ಕಡೆ ಎರಡು ಬೆರಳು ಅಗಲ ಹೆಚ್ಚು ಕತ್ತರಿಸಿ, ಹತ್ತಿ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿ. ಹೊಲಿಗೆ ಕಂಡರೆ ಕಾಣಲಿ.