ಮೊಳಕಾಲೆತ್ತರಕ್ಕೆ ಕಡಿದ ಮೇಲೆ ದಟ್ಟವಾದ ಕಾರೆ–ಲಕ್ಕಿ ಬೇಲಿ: ನನ್ನ ಅನುಭವ

ಶಿರಾ ಸೀಮೆಯ ಕೆಂಪು ಜಲ್ಲಿನೆಲದಲ್ಲಿರುವ ನನ್ನ ಹೊಲಕ್ಕೆ ಸುಮಾರು 300 ಮೀಟರ್ ಬೇಲಿ ಬೇಕಾಗಿತ್ತು. ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿಯಲು ಒಂದೂಕಾಲು ಲಕ್ಷ ರೂಪಾಯಿಯ ಹತ್ತಿರ ಕೇಳಿದ್ದರಿಂದ ಮುಳ್ಳುಪೊದೆಯಾದ ಕಾರೆ ಮತ್ತು ಕಟುವಾಸನೆಯ ಎಲೆಯ ಲಕ್ಕಿ ಗಿಡಗಳ ಜೀವಂತ ಬೇಲಿಯನ್ನೇ ಎಬ್ಬಿಸುತ್ತೇನೆಂದೆ. ಬೇಸಿಗೆಯಲ್ಲಿ ಎಲೆ ಉದುರಿಸಿಕೊಂಡು ನಿಲ್ಲುವ ಗಿಡ ಯಾವ ಮೇಕೆಯನ್ನು ತಡೆದೀತು ಎಂದು ನೆರೆಹೊಲದವರು ನಕ್ಕರು.

ಮೊದಲ ವರ್ಷ ಅವರ ನಗುವೇ ಗೆದ್ದಿತು. ಕಾರೆಹಣ್ಣುಗಳನ್ನು ತಿರುಳು ಸಮೇತ ಬಿತ್ತಿದ್ದರಿಂದ ಅರ್ಧ ಬೂಸಲು ಹಿಡಿದು ಹಾಳಾದವು, ಉಳಿದುದರಲ್ಲಿ ಹೆಚ್ಚಿನವು ಇರುವೆಗಳ ಪಾಲಾದವು. ಬಿಸಿಲಿನಲ್ಲೇ ಅವಸರಪಟ್ಟು ನೆಟ್ಟ ಲಕ್ಕಿ ಕಡ್ಡಿಗಳನ್ನು ಗೆದ್ದಲು ತಿಂದಿತು. ಕೂಲಿ, ಟ್ರ್ಯಾಕ್ಟರ್, ನೀರು ಎಲ್ಲ ಸೇರಿ ಹದಿನೆಂಟು ಸಾವಿರದಷ್ಟು ಮಣ್ಣುಪಾಲಾಯಿತು. ಮರುವರ್ಷ ಬೀಜಗಳನ್ನು ತಿಕ್ಕಿ ತೊಳೆದು ನೆರಳಿನಲ್ಲಿ ಒಣಗಿಸಿ, ಸಗಣಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಿದೆ. ಆ ನೀರಿಗೆ ಇನ್ನೊಂದು ವಸ್ತುವನ್ನೂ ಬೆರೆಸುತ್ತೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಲಕ್ಕಿ ಕಡ್ಡಿಗಳಿಗೆ ರೋಹಿಣಿ ಮಳೆಯ ತನಕ ಕಾದೆ. ನಾಲ್ಕರಲ್ಲಿ ಮೂರು ಚಿಗುರಿದವು.

ಮೇಕೆಗಳು ಲಕ್ಕಿಗೆ ಬಾಯಿ ಹಾಕುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಅದನ್ನು ಹೊರಸಾಲಿನಲ್ಲಿ ಒಂದಡಿ ಅಂತರಕ್ಕೆ ನೆಟ್ಟು, ಮುಳ್ಳಿನ ಕಾರೆಯನ್ನು ಅದರ ಆಸರೆಯಲ್ಲಿ ಒಳಸಾಲಿಗಿಟ್ಟೆ. ಎರಡನೆಯ ಬೇಸಿಗೆಯಲ್ಲಿ ಗಿಡಗಳು ಎದೆಮಟ್ಟಕ್ಕೆ ಬಂದರೂ ಬುಡದಲ್ಲಿ ನಾಯಿ ನುಸುಳುವಷ್ಟು ಸಂದು ಉಳಿದಿತ್ತು. ಎಲೆಯೆಲ್ಲ ಉದುರಿದ ಹೊತ್ತಿನಲ್ಲಿ ಇಡೀ ಬೇಲಿಯನ್ನು ಮೊಳಕಾಲೆತ್ತರಕ್ಕೆ ಕಡಿಸಿದೆ. ಕಡಿಯಲು ಬಂದ ಆಳುಗಳೇ "ಯಜಮಾನ್ರೇ, ಇನ್ನೊಂದು ಸಲ ಯೋಚನೆ ಮಾಡಿ" ಎಂದರು, ಮನೆಯಲ್ಲಿ ಎರಡು ದಿನ ಮಾತೇ ಇರಲಿಲ್ಲ. ಮುಂಗಾರಿಗೆ ಒಂದೊಂದು ಬುಡದಿಂದಲೂ ಐದಾರು ಕವಲು ಹೊರಟು ಸಂದುಗಳು ಮುಚ್ಚಿಕೊಂಡ ಮೇಲೆ, ಅಂದು ನಕ್ಕವರಲ್ಲಿ ಇಬ್ಬರು ಕಡ್ಡಿ ಕೇಳಿಕೊಂಡು ಬಂದರು. ಕಡ್ಡಿ ಕೊಟ್ಟೆ, ಕಡಿಯುವಾಗ ಕೈ ನಡುಗಬಾರದೆಂದೂ ಹೇಳಿ ಕಳಿಸಿದೆ.

ನಡುವೆ ಬೇರೊಂದು ಸಣ್ಣ ಪ್ರಯೋಗವನ್ನೂ ಮಾಡಿದೆ. ಹಳದಿ ಹೂ ಬಿಡುವ ತಂಗಡಿ ಗಿಡದ ಬೀಜವನ್ನು ಹಾಗೆಯೇ ಎರಚಿದಾಗ ನೂರಕ್ಕೆ ಹತ್ತು ಹುಟ್ಟಿದ್ದರೆ ಹೆಚ್ಚು. ಒರಟು ಮರಳಿನಲ್ಲಿ ಉಜ್ಜಿ ಬಿತ್ತಿದಾಗ ಅರ್ಧಕ್ಕೂ ಮೇಲೆ ಹುಟ್ಟಿದವು. ಅದು ಬೇಲಿಯಾಗಿ ನಿಲ್ಲದು, ಆದರೆ ಅದರ ಎಲೆ ತಿನ್ನುವ ಹುಳುಗಳಿಂದ ಹೊರಟ ಹಳದಿ ಚಿಟ್ಟೆಗಳಿಗಾಗಿ ಒಂದು ಮೂಲೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಲಕ್ಕಿ ಹೂವಿಗೆ ಜೇನು ಮುತ್ತುತ್ತದೆ, ಕಾರೆಹಣ್ಣಿಗೆ ಪಿಕಳಾರಗಳು ಜಗಳಾಡುತ್ತವೆ, ಕಳೆದ ವರ್ಷ ಗೌಜಲಹಕ್ಕಿಯೊಂದು ಬೇಲಿಯ ಬುಡದಲ್ಲೇ ಮರಿ ಮಾಡಿತು.

ಐದು ವರ್ಷಗಳಲ್ಲಿ ಹಾಳಾದದ್ದೂ ಸೇರಿ ಒಟ್ಟು ನಲವತ್ತು ಸಾವಿರದೊಳಗೆ ಮುಗಿದಿದೆ. ಮಳೆನೀರು ಹರಿಯುವ ತಗ್ಗಿನಲ್ಲಿ ನಾಲ್ಕು ಮೀಟರಿನಷ್ಟು ಜಾಗದಲ್ಲಿ ಮಾತ್ರ ಮೂರು ಸಲ ನೆಟ್ಟರೂ ಕಾರೆ ನಿಂತಿಲ್ಲ. ಅಲ್ಲಿಗೆ ಈಗಲೂ ಒಣಮುಳ್ಳನ್ನೇ ಒಟ್ಟುತ್ತಿದ್ದೇನೆ.