ಬಾಂಬೆ ಮಿಠಾಯಿ ಬಣ್ಣಕ್ಕೆ ತಿರುಗಿದ್ದ 800 ಮತ್ತೆ ಕೆಂಪಗಾದದ್ದು

ಗಾಡಿ 2001ರ ಮಾರುತಿ 800, ನಮ್ಮ ಸೋದರಮಾವನದ್ದು. ಆರ್‌ಸಿಯಲ್ಲಿ ಕೆಂಪು ಅಂತಲೇ ಇದೆ. ಆದರೆ ಹೋದ ವರ್ಷ ಮಾರ್ಚ್‌ನಲ್ಲಿ ನಾನು ನೋಡಿದಾಗ ಬಾನೆಟ್ಟು, ಟಾಪು ಎರಡೂ ಬಾಂಬೆ ಮಿಠಾಯಿ ಬಣ್ಣಕ್ಕೆ ಬಂದಿದ್ದವು. ಅಂಗೈ ಆಡಿಸಿದರೆ ಕುಂಕುಮ ಹತ್ತಿದ ಹಾಗೆ ಪುಡಿ ಹತ್ತುತ್ತಿತ್ತು. ಆರೇಳು ವರ್ಷ ದಾವಣಗೆರೆ ಬಿಸಿಲಲ್ಲಿ, ಅರ್ಧ ಬೇವಿನ ಮರದ ಕೆಳಗೆ, ಅರ್ಧ ಬಯಲಿಗೆ ನಿಂತಿದ್ದ ಗಾಡಿ. ಕಾಗೆಗಳೂ ತಮ್ಮ ಪಾಲಿನದ್ದು ಸಲ್ಲಿಸಿದ್ದವು.

ಮಾರಿಬಿಡಿ ಅಂತ ಮನೆಯವರೆಲ್ಲ ಹೇಳಿ ಸೋತಿದ್ದರು. 2022ರ ಏಪ್ರಿಲ್‌ನಿಂದ ಹಳೇ ಕಾರಿನ ಆರ್‌ಸಿ ನವೀಕರಣದ ಫೀಸು 600 ಇದ್ದದ್ದು 5,000 ಆಯ್ತಲ್ಲ, ಅದನ್ನೂ ಮೇಲಿನ ದಂಡವನ್ನೂ ಕಟ್ಟಿ ಬಂದ ಮನುಷ್ಯ ನಮ್ಮ ಮಾವ. ‘ನೀನು ವಾಶಿಂಗ್ ಸೆಂಟರ್ ಇಟ್ಕೊಂಡು ನನ್ನ ಗಾಡಿ ಹಿಂಗಿದ್ರೆ ನಿನಗೇ ಅವಮಾನ’ ಅಂದರು. ಮಾತು ನಾಟಿತು.

ಮೊದಲು ಪರಿಚಯದ ಪೇಂಟರ್‌ಗೆ ತೋರಿಸಿದೆ. ಬಾನೆಟ್ ಮೇಲೆ ಉಗುರಲ್ಲಿ ಗೀರಿ ನೋಡಿ, ‘ಇದಕ್ಕೇನು ಪಾಲಿಶ್ ಹಚ್ತೀಯಪಾ, 30 ಸಾವಿರ ಕೊಡು, ಫುಲ್ ಪೇಂಟ್ ಹೊಡೆದು ಕೊಡ್ತೀನಿ’ ಅಂದ. ಆ ಗಾಡಿಗೆ ಸಂತೆಯಲ್ಲಿ ನಿಲ್ಲಿಸಿದರೆ 35 ಸಾವಿರ ಬಂದರೆ ಹೆಚ್ಚು. ಮೇಲಾಗಿ ಕಂಪನಿ ಪೇಂಟು ಹೋದಮೇಲೆ ಮತ್ತೆ ಬರಲ್ಲ.

ನಾನೇ ಪಾಲಿಶ್ ಹಾಕೋಣ ಅಂತ ಶುರು ಮಾಡಿದೆ. ಬಾನೆಟ್ ಮೇಲೆ ಪಾಲಿಶ್ ಪ್ಯಾಡ್ ಇಟ್ಟ ಅರ್ಧ ನಿಮಿಷಕ್ಕೇ ಪ್ಯಾಡು ಕೆಂಪಾಯ್ತು. ಅಂದರೆ ಬಣ್ಣದ ಮೇಲೆ ಅದನ್ನು ಕಾಯೋ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಇಲ್ಲ, ಉಜ್ಜುತ್ತಿರೋದು ಬಣ್ಣವನ್ನೇ. ಗೊತ್ತಿದ್ದೂ ತಪ್ಪು ಮಾಡಿದೆ. ಜೋರಾಗಿ ತಿರುಗೋ ರೋಟರಿ ಪಾಲಿಶ್ ಮಷೀನಿಗೆ ಉಣ್ಣೆ ಪ್ಯಾಡ್ ಹಾಕಿ, ಬಣ್ಣವನ್ನು ತರಿಯೋ ದಪ್ಪ ಕಾಂಪೌಂಡ್ ಹಚ್ಚಿ ಬಾನೆಟ್ ಪೂರ್ತಿ ಎಳೆದೆ. ಸಂಜೆ ನೋಡಿದರೆ ಕನ್ನಡಿ! ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದ್ದೂ ಆಯ್ತು. ಮೂರು ವಾರಕ್ಕೆ ಮತ್ತೆ ಅದೇ ಗುಲಾಬಿ. ಅದೂ ಸಾಲದು ಅಂತ ಬಾನೆಟ್ಟಿನ ಏಣಿನ ಮೇಲೆ ಹುಣಸೆ ಬೀಜದಷ್ಟು ಜಾಗದಲ್ಲಿ ಪ್ರೈಮರ್ ಕಾಣಿಸುತ್ತಿತ್ತು. ಅದು ಇವತ್ತಿಗೂ ಟಚ್-ಅಪ್ ಬ್ರಶ್ಶಿನ ಚುಕ್ಕಿಯಾಗಿ ಉಳಿದಿದೆ. ಯಾರಿಗೂ ತೋರಿಸಲ್ಲ.

ಆಮೇಲೆ ಸ್ನೇಹಿತನ ಹತ್ತಿರ ಪೇಂಟಿನ ದಪ್ಪ ಅಳೆಯೋ ಗೇಜ್ ಎರವಲು ತಂದು ಅಳೆದೆ. ಟಾಪಿನಲ್ಲಿ 80–85 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಬಾನೆಟ್ಟಿನಲ್ಲಿ ನನ್ನ ಪ್ರತಾಪದ ನಂತರ 70ರ ಆಸುಪಾಸು. ಎಡಗಡೆ ಬಾಗಿಲು ಮಾತ್ರ 300 ದಾಟಿತು, ಅಂದರೆ ಅದಕ್ಕೆ ಯಾವಾಗಲೋ ಮತ್ತೆ ಪೇಂಟ್ ಹೊಡೆದಿದ್ದಾರೆ. ‘ಈ ಬಾಗಿಲು ಯಾವತ್ತಾದ್ರೂ ಗುದ್ದಿತ್ತಾ ಮಾವ?’ ಅಂದರೆ ‘ಇಲ್ಲಪ್ಪ’ ಅಂತ ಬೇರೆ ಕಡೆ ನೋಡಿದರು. ಅತ್ತೆ ಒಳಗಿಂದಲೇ ನಕ್ಕರು.

ಬಣ್ಣ ಒಣಗಿ ಹೋಗಿದೆ, ಅದಕ್ಕೆ ಮೊದಲು ಎಣ್ಣೆ ಕುಡಿಸಬೇಕು, ಉಜ್ಜೋದು ಆಮೇಲೆ ಅನ್ನೋದು ನನ್ನ ಲೆಕ್ಕ. ಹಳೇ ಸಿಂಗಲ್ ಸ್ಟೇಜ್ ಪೇಂಟಿಗೆ, ಅಂದರೆ ಕ್ಲಿಯರ್ ಕೋಟ್ ಇಲ್ಲದ ಇಂಥ ಪೇಂಟಿಗೆ, ವಿದೇಶದಲ್ಲಿ ಮೆಗ್ವಯರ್ಸ್‌ನ ನಂಬರ್ 7 ಗ್ಲೇಜ್ ಅನ್ನೋ ಎಣ್ಣೆಯಂಶದ ಪಾಲಿಶ್ ಹೀಗೇ ಬಳಸ್ತಾರೆ, ಹೊಸ ವಿದ್ಯೆಯೇನಲ್ಲ. ಎಣ್ಣೆ ಗ್ಲೇಜ್ ದಪ್ಪಗೆ ಹಚ್ಚಿ, ಹಳೇ ಟರ್ಕಿ ಟವೆಲ್‌ನಿಂದ ಒತ್ತಿ ಉಜ್ಜಿ, ಒರೆಸದೆ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹೋಗಿ ನೋಡಿದರೆ ಟಾಪು ಎಣ್ಣೆಯನ್ನೆಲ್ಲ ಹೀರಿಕೊಂಡು ಮತ್ತೆ ಮಂಕಾಗಿ ಕೂತಿತ್ತು, ಬಿಸಿಲಿಗೆ ಕಾದ ನೆಲಕ್ಕೆ ನೀರು ಚಿಮುಕಿಸಿದ ಹಾಗೆ. ಎರಡನೇ ಸಲ ಅರ್ಧ ಉಳಿಯಿತು. ಮೂರನೇ ಸಲ ಮೇಲೇ ನಿಂತಿತು. ಸಾಕು ಅಂತ ಗೊತ್ತಾಗೋದು ಹಾಗೆ. ಟವೆಲ್ ಹಿಂಡಿದರೆ ರಕ್ತದಂಥ ಕೆಂಪು. ಆಮೇಲೆ ಡಿಎ ಮಷೀನು (ರೋಟರಿಗಿಂತ ನಯವಾಗಿ ಉಜ್ಜೋ ಪಾಲಿಶ್ ಮಷೀನು), ಮೆತ್ತನೆ ಫೋಮ್, ಫಿನಿಶಿಂಗ್ ಪಾಲಿಶ್ ಅಷ್ಟೇ. ಮತ್ತೆ ಕಾಂಪೌಂಡ್ ಮುಟ್ಟಲಿಲ್ಲ.

ಎಣ್ಣೆ ಕುಡಿಯೋ ಆ ದಿನಗಳಲ್ಲಿ ಸುಮ್ಮನೆ ಕೂರಲಾಗದೆ ಬೇರೆ ಕಿತಾಪತಿಗಳೂ ನಡೆದವು. ಗಾಜಿನ ಮೇಲಿನ ಬೋರ್‌ವೆಲ್ ನೀರಿನ ಕಲೆಗೆ ಹುಣಸೆಹಣ್ಣಿನ ರಸ ಹಚ್ಚಿದೆ, ತಾಮ್ರದ ಹಂಡೆ ತಿಕ್ಕಿದ ಹಾಗೆ. ಹೊಸ ಕಲೆ ಹೋಯ್ತು, ಹಳೇದು ಜಪ್ಪಯ್ಯ ಅನ್ನಲಿಲ್ಲ, ಅದಕ್ಕೆ ಗಾಜಿನ ಪಾಲಿಶ್ಶೇ ಬೇಕಾಯ್ತು. ಬಿಳಚಿದ ಕಪ್ಪು ಬಂಪರಿಗೆ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಎರಡು ದಿನ ಮದುಮಗ, ಮೂರನೇ ದಿನ ಊರಿನ ಧೂಳೆಲ್ಲ ಅದರ ಮೇಲೆ. ಯಾರೂ ಮಾಡಬೇಡಿ.

ಈಗ ಜಗಳದ ವಿಷಯ. ಇಷ್ಟು ಎಣ್ಣೆ ಕುಡಿದ ಪೇಂಟಿನ ಮೇಲೆ ಸೆರಾಮಿಕ್ ಕೋಟಿಂಗ್, ಅಂದರೆ ಪೇಂಟಿಗೆ ಅಂಟಿ ಗಟ್ಟಿಯಾಗೋ ರಕ್ಷಣೆಯ ಪದರ, ಹಿಡಿಯುತ್ತಾ? ನಮ್ಮ ಕಸುಬಿನವರು ಕೇಳಿದವರೆಲ್ಲ ನಕ್ಕರು. ವ್ಯಾಕ್ಸ್ ಹಾಕಿ ಮುಗಿಸು ಅಂದರು. ಆದರೆ ವ್ಯಾಕ್ಸ್ ಈ ಬಿಸಿಲಿಗೆ ಎರಡು ತಿಂಗಳು ತಡೆದರೆ ದೊಡ್ಡದು.

ನಾನು ಮಾಡಿದ್ದು ಕಾಯೋ ಕೆಲಸ. ಐಪಿಎಯಲ್ಲಿ (ಎಣ್ಣೆ ತೆಗೆಯೋ ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸೋದು, ಎರಡು ದಿನ ಬಿಸಿಲಿಗೆ ನಿಲ್ಲಿಸೋದು, ಒಳಗಿನ ಎಣ್ಣೆ ಬೆವರಿನ ಹಾಗೆ ಮೇಲೆ ಬರುತ್ತೆ, ಮತ್ತೆ ಒರೆಸೋದು. ಹೀಗೆ ಒಂಬತ್ತು ಹತ್ತು ದಿನ. ನೀರು ಹಾಕಿದರೆ ಮುತ್ತುಮುತ್ತಾಗಿ ನಿಂತರೆ ಎಣ್ಣೆ ಇನ್ನೂ ಇದೆ ಅಂತ, ಚಪ್ಪಟೆಯಾಗಿ ಹರಡಿದರೆ ತಯಾರು. ಕೊನೇ ಒರೆಸಿಗೆ ಐಪಿಎ ಜೊತೆ ಇನ್ನೊಂದು ಬೆರೆಸಿದೆ. ಅದೇನು ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು. ತೊಳೆಯೋಕೆ ಕೊನೇ ನೀರು ಬೋರ್‌ವೆಲ್‌ದಲ್ಲ, ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ಕಾಯಿನ್ ಹಾಕಿ ಹಿಡಿದ ನಾಲ್ಕು ಕ್ಯಾನ್. 20 ರೂಪಾಯಿ ಖರ್ಚಿಗೆ ಹೊಸ ನೀರಿನ ಕಲೆ ಒಂದೂ ಬರಲಿಲ್ಲ.

ಅಷ್ಟಾದರೂ ಮೊದಲ ಕೋಟಿಂಗ್ ಕೆಟ್ಟಿತು. ಏಪ್ರಿಲ್, ಹನ್ನೊಂದು ಗಂಟೆ, ಶೆಡ್ಡಿನೊಳಗೇ 37–38 ಡಿಗ್ರಿ. ಹಚ್ಚಿ ಬಟ್ಟೆ ತಿರುಗಿಸೋದರೊಳಗೆ ಒಣಗಿ ಪಟ್ಟೆ ಪಟ್ಟೆ. 2,800 ರೂಪಾಯಿಯ ಬಾಟಲು, ಹಚ್ಚಿದ್ದನ್ನೆಲ್ಲ ಮರುದಿನ ನಾನೇ ಪಾಲಿಶ್ ಹಾಕಿ ಕಿತ್ತೆ. ಎರಡನೇ ಬಾಟಲು ತರಿಸಿ, ಹಿಂದಿನ ರಾತ್ರಿ ನೆಲಕ್ಕೆ ನೀರು ಹೊಡೆದು ಧೂಳು ಕೂರಿಸಿ, ಬೆಳಗಿನ ಐದೂವರೆಗೆ ಶುರು ಮಾಡಿದೆ. ಒಂದು ಸಲಕ್ಕೆ ಎರಡಡಿ ಚೌಕ ಅಷ್ಟೇ. ಎಂಟಕ್ಕೆ ಮುಗಿಯಿತು.

ಮುಗಿಯಿತು ಅಂದುಕೊಂಡೆ. ಡಿಕ್ಕಿ ಬಾಗಿಲ ಮೇಲೆ ನಾಲ್ಕು ಬೆರಳಿನ ಗುರುತು, ಅಲ್ಲಿ ಮಾತ್ರ ಕೋಟಿಂಗ್ ಮೀನಿನ ಕಣ್ಣಿನ ಹಾಗೆ ಸರಿದು ನಿಂತಿದೆ. ನಮ್ಮ ಹುಡುಗ ಹಿಂದಿನ ಸಂಜೆ ಮಂಡಕ್ಕಿ-ಮಿರ್ಚಿ ತಿಂದ ಕೈಯನ್ನು ಅಲ್ಲಿ ಇಟ್ಟಿದ್ದ. ಡಿಕ್ಕಿಯೊಂದನ್ನು ಮತ್ತೆ ಮೊದಲಿಂದ ಮಾಡಿದೆ. ಈಗ ಕೋಟಿಂಗ್ ದಿನ ನಮ್ಮ ಸೆಂಟರಿನಲ್ಲಿ ಇಡ್ಲಿ ಮಾತ್ರ.

ಖರ್ಚು: ಎರಡು ಬಾಟಲು 5,600, ಗ್ಲೇಜು 1,400ರ ಹತ್ತಿರ, ಪ್ಯಾಡು, ಐಪಿಎ, ಬಟ್ಟೆ ಸೇರಿ ಇನ್ನೊಂದು ಮೂರು ಸಾವಿರ. ಅಂತೂ 10 ಸಾವಿರ ಅಂತಿಟ್ಟುಕೊಳ್ಳಿ. ಮಷೀನು ಮೊದಲೇ ಇತ್ತು. ಆರು ಭಾನುವಾರದ ಕೂಲಿ ಹಿಡಿದಿಲ್ಲ, ಹಿಡಿದರೆ ಅಳು ಬರುತ್ತೆ. ಆದರೆ ಈ ಗಾಡಿ ನೋಡಿಯೇ ಎರಡು ಹಳೇ 800, ಒಂದು ಜೆನ್ ಬಂದವು. ಒಂದಕ್ಕೆ 14 ಸಾವಿರ ತಗೊಂಡೆ.

ಹದಿನಾಲ್ಕು ತಿಂಗಳಾಯ್ತು. ಒಂದು ಮಳೆಗಾಲ, ಒಂದು ಪೂರ್ತಿ ಬೇಸಿಗೆ. ಬಾಗಿಲು, ಡಿಕ್ಕಿ ಮೇಲೆ ಕೋಟಿಂಗ್ ಗಟ್ಟಿಯಾಗಿದೆ, ನೀರು ಇನ್ನೂ ಮುತ್ತಾಗಿ ಓಡುತ್ತೆ. ಟಾಪಿನಲ್ಲಿ ಸ್ವಲ್ಪ ಸುಸ್ತಾಗಿದೆ, ಆದರೆ ಕೈಗೆ ಕೆಂಪು ಹತ್ತಲ್ಲ. ಆ ಪೇಂಟರ್ ಬಂದು ಉಗುರಲ್ಲಿ ಗೀರಿ ನೋಡಿ, ‘ಯಾರತ್ರ ಹೊಡೆಸಿದ್ಯಪಾ?’ ಅಂತ ಕೇಳಿದ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮೊನ್ನೆ ಮಾವನ ಮನೆಗೆ ಹೋದೆ. ಗೇಟಿನ ಹತ್ತಿರ ಮಾವ ಹಳೇ ಬನಿಯನ್ ಕೈಯಲ್ಲಿ ಹಿಡಿದು, ನೀರೂ ಹಾಕದೆ, ಧೂಳಿನ ಸಮೇತ ಬಾನೆಟ್ಟನ್ನು ಗುಂಡಗೆ ಗುಂಡಗೆ ಉಜ್ಜುತ್ತಿದ್ದರು. ‘ದಿನಾ ಒರೆಸ್ತೀನಪ್ಪ, ನೀನು ಕಷ್ಟಪಟ್ಟಿದ್ದೀಯಲ್ಲ’ ಅಂದರು. ನಾನು ಏನೂ ಹೇಳದೆ ಒಳಗೆ ಹೋಗಿ ಅತ್ತೆಯ ಹತ್ತಿರ ಕಾಫಿ ಕೇಳಿದೆ.